ಸೂರ್ಯಕಲಂಕಗಳ ಕಾಂತರಚನೆಯೂ ಸೌರಜ್ವಾಲೆಗಳೂ

ಲೋಕಚಕ್ಷುವೆಂದೂ ಕರ್ಮಸಾಕ್ಷಿಯೆಂದೂ ಪೂರ್ವಿಕರು ಕೊಂಡಾಡಿದ ಸೂರ್ಯನ ಬಿಂಬದಲ್ಲಿ ಕಲಂಕವುಂಟೆಂದರೆ ಮನಸ್ಸು ಕೂಡಲೆ ಒಪ್ಪುವುದಿಲ್ಲ. ಚಂದ್ರನ ಕಲಂಕವು ಕವಿಗಳಿಗೆ ಒದಗಿ ಬಂದಷ್ಟು ಸೂರ್ಯನ ಕಲಂಕವು ಒದಗಿ ಬರಲಿಲ್ಲ. ಆದರೂ ಉದಯಾಸ್ತಗಳ ಹೊತ್ತಿನಲ್ಲಿ, ಮಂಜಿನ ಅಥವಾ ಧೂಳಿನ ತೆರೆಯಿಂದ ಬಿಂಬದ ತೇಜಸ್ಸು ಮಂದವಾದಾಗ, ದೊಡ್ಡ ಕಲೆಗಳು ಬರಿಗಣ್ಣಿಗೂ ಗೋಚರವಾಗುವುದುಂಟು. ಕ್ರಿಸ್ತಶಕ ಆರನೆಯ ಶತಮಾನದ ವರಾಹಮಿಹಿರನು ತನ್ನ ಬೃಹತ್ಸಂಹಿತೆಯ ಆದಿತ್ಯಚಾರಾಧ್ಯಾಯದಲ್ಲಿ ತಾಮಸಕೀಲಕಗಳೆಂಬ 33 ಕೇತುಗಳನ್ನು ಹೇಳಿ, ಅವು ರಾಹುವಿನ ಮಕ್ಕಳೆಂದೂ, ಸೂರ್ಯಬಿಂಬದಲ್ಲಿ ಅವು ತೋರಿದಾಗ ಅವುಗಳ ವರ್ಣ, ಸ್ಥಾನ, ಆಕಾರಗಳನ್ನು ನೋಡಿ ಫಲವನ್ನು ಹೇಳಬೇಕೆಂದೂ ವಿಧಿಸಿದ್ದಾನೆ. ಕಾಗೆಯ ಆಕಾರ, ಕಬಂಧದ ಆಕಾರ, ಆಯುಧದ ಆಕಾರ ಇವು ಅಶುಭಸೂಚಕಗಳೆಂದು ಅವನ ಮತ. ಅವನು ಹೇಳಿದ ಫಲಗಳಾದ ರಾಜನಾಶ, ದುರ್ಭಿಕ್ಷ ಮೊದಲಾದವುಗಳಿಗೂ ಸೂರ್ಯನ ಕಲೆಗಳಿಗೂ ಸಂಬಂಧವಿಲ್ಲ. ಆದರೆ ಕಲೆಯುಂಟೆಂಬಷ್ಟಕ್ಕೆ ತೃಪ್ತನಾಗದೆ, ಯಾವ ಆಕಾರದ ಕಲೆಗೆ ಯಾವ ಫಲವೆಂದು ಅವನು ಕೇಳಿದ ಪ್ರಶ್ನೆಯು ಮಾತ್ರ ವ್ಯರ್ಥವಾದುದಲ್ಲ. ಆ ಪ್ರಶ್ನೆಗೆ ಲೆಕ್ಕದ ಮೂಲಕ ಉತ್ತರವು ದೊರೆಯುವುದಕ್ಕೆ ಇನ್ನೂ ಸುಮಾರು 1,400 ವರ್ಷಗಳು ಬೇಕಾದವು. ಆ ಉತ್ತರವು ಬಂದ ದಾರಿಯನ್ನು ಸಂಗ್ರಹವಾಗಿ ತಿಳಿಸುವುದೇ ಈ ಲೇಖನದ ಉದ್ದೇಶ.

ಚೀನಾದೇಶದ ಆಸ್ಥಾನಜ್ಯೋತಿಷಿಗಳು ಕ್ರಿಸ್ತಪೂರ್ವ 28ನೆಯ ವರ್ಷದಲ್ಲಿಯೇ ಸೂರ್ಯನ ಕಲೆಯೊಂದನ್ನು ದಾಖಲೆಮಾಡಿದ್ದರು. ಇಂಗ್ಲೆಂಡಿನ ವುಸ್ಟರಿನ ಜಾನ್ ಎಂಬ ಸಂನ್ಯಾಸಿಯು 1128ನೆಯ ಇಸವಿ ಡಿಸೆಂಬರಿನಲ್ಲಿ ಕಂಡ ಎರಡು ಕಲೆಗಳ ಚಿತ್ರವನ್ನು ತನ್ನ ವೃತ್ತಾಂತಗ್ರಂಥದಲ್ಲಿ ಬರೆದಿಟ್ಟನು. ಸೂರ್ಯಕಲಂಕದ ಚಿತ್ರಗಳಲ್ಲಿ ಈಗ ತಿಳಿದಿರುವ ಮಟ್ಟಿಗೆ ಇದೇ ಅತ್ಯಂತ ಹಳೆಯದು. ದೂರದರ್ಶಕಯಂತ್ರವು ಬಳಕೆಗೆ ಬಂದ ಮೇಲೆ, 1610 ರಿಂದ 1613ರ ವರೆಗಿನ ಅಲ್ಪಕಾಲದಲ್ಲಿ ಇಂಗ್ಲೆಂಡಿನ ಹ್ಯಾರಿಯಟ್, ಜರ್ಮನಿಯ ಫಬ್ರಿಸಿಯಸ್ ಮತ್ತು ಷೈನರ್, ಇಟಲಿಯ ಗೆಲಿಲಿಯೋ ಈ ನಾಲ್ವರೂ ಕಲೆಗಳನ್ನು ನೋಡಿದರು. ಆಕಾಶದ ಜ್ಯೋತಿಗಳು ನಿರ್ವಿಕಾರವಾದವುಗಳೆಂಬ ಅರಿಸ್ಟಾಟಲನ ಸಿದ್ಧಾಂತವು ಆಗ ಪ್ರಬಲವಾಗಿದ್ದುದರಿಂದ, ಇವು ಸೂರ್ಯನನ್ನು ಸುತ್ತುವ ಸಣ್ಣ ಗ್ರಹಗಳಿರಬೇಕೆಂದು ಷೈನರನು ಮೊದಲು ವಾದಿಸಿದನು. ಬಿಂಬದ ಅಂಚನ್ನು ಸಮೀಪಿಸಿದಂತೆ ಕಲೆಗಳು ಸಪೂರವಾಗಿ ತೋರುವುದನ್ನು ಎತ್ತಿ ತೋರಿಸಿ, ಅವು ಸೂರ್ಯನ ಮೈಮೇಲೆಯೇ ಇರತಕ್ಕವುಗಳೆಂದು ಗೆಲಿಲಿಯೋ ಸಾಧಿಸಿದನು. ಷೈನರನೂ ಅನೇಕ ವರ್ಷಗಳ ವೇಧದ ಅನಂತರ ತನ್ನ ಪೂರ್ವಪಕ್ಷವನ್ನು ಬಿಟ್ಟುಕೊಟ್ಟು, 1630ರಲ್ಲಿ ಮುಗಿದ ತನ್ನ ಮಹಾಗ್ರಂಥದಲ್ಲಿ ಕಲೆಗಳು ಸೂರ್ಯನವೇ ಎಂದು ಅಂಗೀಕರಿಸಿದನು.

ಅಲ್ಲಿಂದ ಮುಂದೆ ಇನ್ನೂರು ವರ್ಷಗಳ ವರೆಗೆ ಕಲೆಗಳನ್ನು ನೋಡುವವರಿದ್ದರೇ ಹೊರತು, ದಿನದಿನವೂ ಎಣಿಸಿ ಬರೆದಿಡುವವರು ವಿರಳರಾಗಿದ್ದರು. ಜರ್ಮನಿಯ ಡೆಸ್ಸೌ ಪಟ್ಟಣದ ಔಷಧವರ್ತಕನಾದ ಶ್ವಾಬೆ ಎಂಬವನು, ಬುಧನಿಗಿಂತಲೂ ಸೂರ್ಯನಿಗೆ ಸಮೀಪವಾದ ಗ್ರಹವೊಂದು ಇರಬಹುದೆಂದು ಭಾವಿಸಿ, ಅದು ಬಿಂಬವನ್ನು ದಾಟುವುದನ್ನು ಹಿಡಿಯಬೇಕೆಂದು 1826 ರಿಂದ ಆಕಾಶವು ನಿರ್ಮಲವಾಗಿದ್ದ ಪ್ರತಿದಿನವೂ ಕಲೆಗಳನ್ನು ಗುರುತುಹಾಕುತ್ತ ಬಂದನು. ಹುಡುಕಿದ ಗ್ರಹವು ಸಿಕ್ಕಲಿಲ್ಲ. ಸಿಕ್ಕಿದುದು ಬೇರೆ. ಕಲೆಗಳ ಸಂಖ್ಯೆಯು ಸುಮಾರು ಹತ್ತು ವರ್ಷಗಳಿಗೊಮ್ಮೆ ಏರಿ ಇಳಿಯುತ್ತದೆಂದು 1843ರಲ್ಲಿ ಅವನು ಪ್ರಕಟಿಸಿದನು. ಸ್ವಿಟ್ಜರ್ಲೆಂಡಿನ ವುಲ್ಫನು ಹಳೆಯ ದಾಖಲೆಗಳನ್ನೆಲ್ಲ ಶೋಧಿಸಿ ಈ ಚಕ್ರದ ಸರಾಸರಿ ಕಾಲವು 11 ವರ್ಷಗಳಿಗೆ ಸ್ವಲ್ಪ ಹೆಚ್ಚೆಂದು ಗೊತ್ತುಮಾಡಿದನು. 1852ರಲ್ಲಿ ಸೇಬೈನನು ಭೂಮಿಯ ಮೇಲಿನ ಸೂಜಿಗಲ್ಲುಗಳ ಕ್ಷೋಭೆಯೂ ಇದೇ ಚಕ್ರವನ್ನು ಅನುಸರಿಸುತ್ತದೆಂದು ತೋರಿಸಿದನು. ಸೂರ್ಯನಲ್ಲಿ ಕಲೆ ಹೆಚ್ಚಾದರೆ ಭೂಮಿಯಲ್ಲಿ ದಿಕ್ಸೂಚಿ ನಡುಗಬೇಕಾದುದೇಕೆ? ಈ ಪ್ರಶ್ನೆಯು ಹೀಗೆ ಹುಟ್ಟಿತು.

1859ನೆಯ ಇಸವಿ ಸೆಪ್ಟೆಂಬರ್ 1ನೆಯ ತಾರೀಖು ಬೆಳಗ್ಗೆ 11 ಗಂಟೆ ಕಳೆದು ಕೆಲವು ನಿಮಿಷಗಳಾಗಿದ್ದಾಗ, ಇಂಗ್ಲೆಂಡಿನ ರೆಡ್‌ಹಿಲ್ ಎಂಬಲ್ಲಿ ಕ್ಯಾರಿಂಗ್‌ಟನ್ ಎಂಬ ಗೃಹಸ್ಥನು ತನ್ನ ಸ್ವಂತ ವೇಧಶಾಲೆಯಲ್ಲಿ ಕಲೆಗಳ ಸಮೂಹವೊಂದರ ಚಿತ್ರವನ್ನು ಬರೆಯುತ್ತಿದ್ದನು. ಆ ಸಮೂಹದ ನಡುವೆ ಎರಡು ಕಡೆಗಳಲ್ಲಿ ಕಣ್ಣುಕೋರೈಸುವ ಬೆಳಕು ತಟ್ಟನೆ ಹೊಮ್ಮಿ, ಸುಮಾರು ಐದು ನಿಮಿಷಗಳಲ್ಲಿ ಅಡಗಿಹೋಯಿತು. ಲಂಡನ್ನಿನ ಬಳಿಯ ಹೈಗೇಟಿನಲ್ಲಿ ಹಾಜ್‌ಸನ್ ಎಂಬವನೂ ಅದೇ ಬೆಳಕನ್ನು ಕಂಡನು. ಅದೇ ಕ್ಷಣದಲ್ಲಿ ಕ್ಯೂ ವೇಧಶಾಲೆಯ ಕಾಂತಮಾಪಕವು ಸ್ವಲ್ಪ ಅಲುಗಿತು. ಸುಮಾರು ಹದಿನೇಳೂವರೆ ಗಂಟೆಗಳು ಕಳೆದ ಮೇಲೆ ಭೂಮಂಡಲವನ್ನೆಲ್ಲ ವ್ಯಾಪಿಸಿದ ಕಾಂತಪ್ರಕ್ಷೋಭವು ಬಂದೆರಗಿತು. ಧ್ರುವಪ್ರಾಂತಗಳಲ್ಲಿ ಮಾತ್ರ ಕಾಣತಕ್ಕ ಅರೋರಾ ಎಂಬ ದಿವ್ಯಪ್ರಭೆಯು ಕ್ಯೂಬಾ, ಹವಾಯಿಗಳ ವರೆಗೂ ಕಾಣಿಸಿತು. ತಂತಿಕಚೇರಿಗಳ ಯಂತ್ರಗಳಿಂದ ಕಿಡಿಗಳು ಹಾರಿದವು. ಕೆಲವೆಡೆ ಬ್ಯಾಟರಿಗಳನ್ನು ಕಳಚಿದ ಮೇಲೆಯೂ ತಂತಿಗಳಲ್ಲಿ ಸಮಾಚಾರವು ಹರಿಯಿತು. ಮುಂಬಯಿಯ ಕೊಲಾಬಾ ವೇಧಶಾಲೆಯಲ್ಲಿ ಆ ದಿನ ಬರೆದಿಟ್ಟ ಅಂಕಿಗಳು ಉಳಿದುಬಂದಿವೆ. ಭೂಮಿಯ ಕಾಂತಬಲದ ಸಮತಲಾಂಶವು ಅಲ್ಲಿ ಸುಮಾರು 1,600 ನ್ಯಾನೊಟೆಸ್ಲಾಗಳಷ್ಟು ಕುಸಿದಿತ್ತೆಂದು 2003ರಲ್ಲಿ ಪ್ರಕಟವಾದ ಸಂಶೋಧನೆಯಿಂದ ತಿಳಿದುಬಂದಿತು. ಆ ಮಹಾಪ್ರಕ್ಷೋಭದ ಅಳತೆಗೆ ಇಂದಿಗೂ ಮುಖ್ಯವಾದ ಆಧಾರವು ಭಾರತದ ಈ ಲೆಕ್ಕದ ಪುಸ್ತಕವೇ ಆಗಿದೆ.

ಕ್ಯಾರಿಂಗ್‌ಟನ್ನನು ವಿವೇಕಶಾಲಿ. ಬೆಳಕಿಗೂ ಪ್ರಕ್ಷೋಭಕ್ಕೂ ಸಂಬಂಧವಿರಬಹುದೆಂದು ಸೂಚಿಸಿದನೇ ಹೊರತು, ಒಂದೇ ನಿದರ್ಶನದಿಂದ ಸಿದ್ಧಾಂತವನ್ನು ಕಟ್ಟಲು ಒಪ್ಪಲಿಲ್ಲ. ಅವನ ತರುವಾಯ ಬಂದವರಲ್ಲಿ ಅನೇಕರು ಸಂಬಂಧವೇ ಇಲ್ಲವೆಂದರು. ಅವರಲ್ಲಿ ಅಗ್ರಗಣ್ಯನು ಲಾರ್ಡ್ ಕೆಲ್ವಿನ್. ಲಂಡನ್ನಿನ ರಾಯಲ್ ಸೊಸೈಟಿಯ ಅಧ್ಯಕ್ಷಪೀಠದಿಂದ 1892ರಲ್ಲಿ ಮಾಡಿದ ಭಾಷಣದಲ್ಲಿ ಅವನು ಒಂದು ಲೆಕ್ಕವನ್ನು ಮುಂದಿಟ್ಟನು. 1885ನೆಯ ಜೂನ್ 25ರ ಕಾಂತಪ್ರಕ್ಷೋಭವು ಸೂರ್ಯನಿಂದ ಬಂದದ್ದೇ ಆದರೆ, ಆ ಎಂಟು ಗಂಟೆಗಳಲ್ಲಿ ಸೂರ್ಯನು ತಾನು ನಾಲ್ಕು ತಿಂಗಳುಗಳಲ್ಲಿ ಸೂಸುವ ಬೆಳಕು ಶಾಖಗಳಷ್ಟು ಶಕ್ತಿಯನ್ನು ವ್ಯಯಮಾಡಿರಬೇಕಾಗುತ್ತದೆ, ಇದು ಅಸಂಭವ, ಆದುದರಿಂದ ಕಲೆಗಳಿಗೂ ಪ್ರಕ್ಷೋಭಗಳಿಗೂ ಇರುವಂತೆ ತೋರುವ ಸಾಹಚರ್ಯವು ಕಾಕತಾಲೀಯವೆಂದು ಅವನ ತೀರ್ಮಾನ. ಲೆಕ್ಕದಲ್ಲಿ ದೋಷವಿರಲಿಲ್ಲ, ದೋಷವಿದ್ದುದು ಪ್ರತಿಜ್ಞೆಯಲ್ಲಿ. ಸೂರ್ಯನು ದೊಡ್ಡದೊಂದು ಸೂಜಿಗಲ್ಲಿನಂತೆ ಎಲ್ಲ ದಿಕ್ಕುಗಳಿಗೂ ತನ್ನ ಬಲವನ್ನು ಚೆಲ್ಲಬೇಕೆಂದು ಅವನು ಭಾವಿಸಿದ್ದನು. ಸೂರ್ಯನಿಂದ ಕಿತ್ತೆದ್ದ ಕಾಂತಗರ್ಭಿತವಾದ ಮೇಘವೊಂದು ಒಂದೇ ದಿಕ್ಕಿನಲ್ಲಿ ಬಂದು ಭೂಮಿಗೆ ಬಡಿಯಬಹುದೆಂಬುದು ಆ ಕಾಲಕ್ಕೆ ಊಹೆಗೆ ಬಂದಿರಲಿಲ್ಲ. ಗ್ರೀನಿಚ್ಚಿನ ಮೌಂಡರನು 1904ರಲ್ಲಿ, ಅನೇಕ ಪ್ರಕ್ಷೋಭಗಳು ಸೂರ್ಯನ ಆವರ್ತನಕ್ಕೆ ಸರಿಯಾಗಿ ಸುಮಾರು 27 ದಿನಗಳಿಗೊಮ್ಮೆ ಮರಳಿ ಬರುತ್ತವೆಂದು ದಾಖಲೆಗಳಿಂದ ತೋರಿಸಿದ ಮೇಲೆ ಆಪ್ತವಾಕ್ಯಕ್ಕಿಂತ ಪ್ರತ್ಯಕ್ಷವು ಬಲವಾಯಿತು.

ಆದರೂ ಕಲೆಯೆಂದರೇನೆಂಬುದು ಇನ್ನೂ ಗೂಢವಾಗಿಯೇ ಇದ್ದಿತು. ಅದನ್ನು ಬಿಡಿಸಿದವನು ಅಮೆರಿಕೆಯ ಜಾರ್ಜ್ ಎಲರಿ ಹೇಲ್. ಹಾಲೆಂಡಿನ ಜೇಮನ್ ಎಂಬ ವಿದ್ವಾಂಸನು 1896ರಲ್ಲಿ ಒಂದು ಪರಿಣಾಮವನ್ನು ಕಂಡುಹಿಡಿದಿದ್ದನು. ಉರಿಯುವ ಪದಾರ್ಥವನ್ನು ಬಲವಾದ ಕಾಂತಕ್ಷೇತ್ರದಲ್ಲಿಟ್ಟರೆ ಅದರ ವರ್ಣಪಟಲದ ಒಂದೊಂದು ರೇಖೆಯೂ ಅಗಲವಾಗಿ ಹಲವಾಗಿ ಸೀಳುತ್ತದೆಂಬುದೇ ಅದು. ಹೇಲನು ಕ್ಯಾಲಿಫೋರ್ನಿಯದ ವಿಲ್ಸನ್ ಪರ್ವತದ ಮೇಲೆ ಎತ್ತಿ ನಿಲ್ಲಿಸಿದ 60 ಅಡಿಗಳ ಗೋಪುರದರ್ಶಕದಿಂದ 1908ರಲ್ಲಿ ಸೂರ್ಯಕಲಂಕದ ವರ್ಣಪಟಲವನ್ನು ಪರೀಕ್ಷಿಸಿದಾಗ, ಅಲ್ಲಿಯ ರೇಖೆಗಳೂ ಅದೇ ರೀತಿಯಲ್ಲಿ ಸೀಳಿರುವುದನ್ನು ಕಂಡನು. ಭೂಮಿಯ ಕಾಂತಕ್ಷೇತ್ರವು ಸುಮಾರು ಅರ್ಧ ಗೌಸಿನಷ್ಟಿದ್ದರೆ, ಕಲೆಯ ಮಧ್ಯದಲ್ಲಿ ಅದು ಎರಡು ಮೂರು ಸಾವಿರ ಗೌಸುಗಳಷ್ಟಿರುತ್ತದೆ. ಕಲೆಯು ಕಪ್ಪಾಗಿ ತೋರುವುದಕ್ಕೂ ಇದೇ ಕಾರಣ. ಒಳಗಿನಿಂದ ಕುದಿದು ಮೇಲಕ್ಕೆ ಬರಬೇಕಾದ ಶಾಖವನ್ನು ಈ ಬಲವು ತಡೆಹಿಡಿಯುವುದರಿಂದ, ಸುತ್ತಣ ಮೈಯು ಸುಮಾರು 5,800 ಡಿಗ್ರಿ ಕೆಲ್ವಿನ್ ಇರುವಾಗ ಕಲೆಯ ನಡುಭಾಗವು ಸುಮಾರು 4,000 ಡಿಗ್ರಿಗಳಷ್ಟಕ್ಕೆ ಇಳಿಯುತ್ತದೆ. ಅದು ನಿಜವಾಗಿ ಕಪ್ಪಲ್ಲ, ಪಕ್ಕದ ಪ್ರಖರತೆಯಿಂದ ಕಪ್ಪೆಂದು ತೋರುತ್ತದೆ. ಭೂಮಿಯ ಹೊರಗೆ ಕಾಂತಕ್ಷೇತ್ರವಿದೆಯೆಂಬುದಕ್ಕೆ ದೊರೆತ ಮೊದಲನೆಯ ಪ್ರಮಾಣವಿದು.

ಹೇಲನ ಶೋಧನೆಗೆ ದಕ್ಷಿಣ ಭಾರತದಲ್ಲಿ ಒಂದು ಪ್ರತಿಧ್ವನಿಯುಂಟು. ಕಲೆಗಳು ಸುಳಿಗಾಳಿಗಳಂತೆ ತಿರುಗುವ ಆವರ್ತಗಳಿರಬೇಕೆಂದು ಹೇಲನು ಊಹಿಸಿದ್ದನು. ಪಳನಿಬೆಟ್ಟಗಳ ಮೇಲಿನ ಕೊಡೈಕನಾಲ್ ವೇಧಶಾಲೆಯಲ್ಲಿದ್ದ ಜಾನ್ ಎವರ್ಷೆಡ್ ಎಂಬವನು ಆ ಆವರ್ತವನ್ನು ಕಾಣಬೇಕೆಂದು 1909ನೆಯ ಜನವರಿಯಲ್ಲಿ ವರ್ಣಪಟಲವನ್ನು ತೆಗೆದು ನೋಡಿದನು. ಅನಿಲವು ತಿರುಗದೆ, ಕಲೆಯ ನಡುವಿನಿಂದ ಅಂಚಿನ ಕಡೆಗೆ ನೇರವಾಗಿ ಹರಿಯುವುದು ಕಂಡುಬಂದಿತು. ಇದು ಇಂದಿಗೂ ಅವನ ಹೆಸರಿನಿಂದಲೇ ಪ್ರಸಿದ್ಧವಾಗಿದೆ. 1904 ರಿಂದ ದಿನದಿನವೂ ಸೂರ್ಯನ ಛಾಯಾಚಿತ್ರವನ್ನು ತೆಗೆದು ಕೂಡಿಟ್ಟ ಆ ವೇಧಶಾಲೆಯು ಬೆಂಗಳೂರಿನಲ್ಲಿ ಕೇಂದ್ರವುಳ್ಳ ಭಾರತೀಯ ಖಭೌತ ಸಂಸ್ಥೆಯ ಅಂಗವಾಗಿದೆ. ಒಂದು ಶತಮಾನಕ್ಕೂ ಮೀರಿದ ಆ ಚಿತ್ರಗಳ ಭಂಡಾರವು ಕಲೆಗಳ ಚರಿತ್ರೆಯನ್ನು ಬರೆಯುವವರಿಗೆ ಅಮೂಲ್ಯವಾದ ನಿಧಿ.

1919ರಲ್ಲಿ ಹೇಲ್, ಎಲರ್‌ಮನ್, ನಿಕಲ್‌ಸನ್, ಜಾಯ್ ಎಂಬ ನಾಲ್ವರು ಸೇರಿ ಕಲೆಗಳ ಧ್ರುವಗಳನ್ನು ಕುರಿತ ಪ್ರಬಂಧವನ್ನು ಪ್ರಕಟಿಸಿದರು. ಸೂಜಿಗಲ್ಲಿಗೆ ಉತ್ತರ ದಕ್ಷಿಣಗಳೆಂಬ ಎರಡು ಧ್ರುವಗಳಿರುವಂತೆ ಕಲೆಗಳಿಗೂ ಉಂಟು. ಸಮೂಹವೆಲ್ಲವೂ ಒಂದೇ ಧ್ರುವವುಳ್ಳದ್ದಾದರೆ ಅದನ್ನು ಆಲ್ಫಾ ಎಂದರು. ಮುಂದಣ ಕಲೆಗಳು ಒಂದು ಧ್ರುವವಾಗಿಯೂ ಹಿಂದಣವು ಇನ್ನೊಂದಾಗಿಯೂ ಇದ್ದು ಎರಡೂ ಸ್ಪಷ್ಟವಾಗಿ ಬೇರ್ಪಟ್ಟಿದ್ದರೆ ಬೀಟಾ ಎಂದರು. ಎರಡು ಧ್ರುವಗಳೂ ಗೊತ್ತುಗುರಿಯಿಲ್ಲದೆ ಬೆರೆತುಹೋಗಿದ್ದರೆ ಗ್ಯಾಮಾ ಎಂದರು. ಬೀಟಾ ಲಕ್ಷಣವಿದ್ದೂ ಧ್ರುವಗಳ ನಡುವೆ ಒಂದೇ ಗೆರೆಯನ್ನೆಳೆಯಲಾಗದ ಸಮೂಹವನ್ನು ಬೀಟಾಗ್ಯಾಮಾ ಎಂದು ಕರೆಯುವುದು ವಾಡಿಕೆ. ಉತ್ತರಾರ್ಧಗೋಳದಲ್ಲಿ ಮುಂದಣ ಕಲೆಯ ಧ್ರುವವು ಯಾವುದೋ, ದಕ್ಷಿಣಾರ್ಧದಲ್ಲಿ ಅದಕ್ಕೆ ವಿರುದ್ಧವಾದುದೇ ಇರುತ್ತದೆಂದೂ, ಹೊಸ ಚಕ್ರವು ಮೊದಲಾದಾಗ ಈ ಕ್ರಮವು ತಿರುಗುಮುರುಗಾಗುತ್ತದೆಂದೂ ಅವರ ಶೋಧನೆಯಿಂದ ಸ್ಥಿರಪಟ್ಟಿತು. ಹೀಗೆ 11 ವರ್ಷಗಳ ಚಕ್ರವು ಕಾಂತದೃಷ್ಟಿಯಿಂದ 22 ವರ್ಷಗಳದ್ದು. ಕಲೆಯ ಆಕಾರವನ್ನು ಕಣ್ಣಿನಿಂದ ಕಂಡು ಕಾಗೆಯೆಂದೋ ಕಬಂಧವೆಂದೋ ಹೇಳುತ್ತಿದ್ದ ಕಾಲವು ಹೋಗಿ, ಕಣ್ಣಿಗೆ ಕಾಣದ ಬಲದ ವಿನ್ಯಾಸದಿಂದ ಅದನ್ನು ವಿಂಗಡಿಸುವ ಕಾಲವು ಬಂದಿತು.

ಫಲದ ವಿಚಾರವು ಇನ್ನೂ ಉಳಿದಿತ್ತು. ಕ್ಯಾರಿಂಗ್‌ಟನ್ನನು ಕಂಡಂಥ ಶ್ವೇತಜ್ವಾಲೆಗಳು ಅತಿವಿರಳ. ಜಲಜನಕದ ಕೆಂಪುರೇಖೆಯೊಂದರ ಬೆಳಕಿನಲ್ಲಿಯೇ ಸೂರ್ಯನನ್ನು ನೋಡುವ ಯಂತ್ರವನ್ನು ಹೇಲನು 1920ರ ದಶಕದಲ್ಲಿ ರಚಿಸಿ, ನಾನಾದೇಶಗಳ ವೇಧಶಾಲೆಗಳಲ್ಲಿ ಅಂಥವು ನೆಲೆಗೊಳ್ಳುವಂತೆ ಮಾಡಿದ ಮೇಲೆ, ಸಾಧಾರಣ ಬೆಳಕಿನಲ್ಲಿ ತೋರದ ಜ್ವಾಲೆಗಳೂ ಎಣಿಕೆಗೆ ಬಂದವು. 1930ರ ದಶಕದಲ್ಲಿ, ಜ್ವಾಲೆಯು ಹೊಮ್ಮಿದ ಕೂಡಲೆ ಭೂಮಿಯ ಹಗಲುಭಾಗದಲ್ಲಿ ಹ್ರಸ್ವತರಂಗದ ರೇಡಿಯೋ ಸಮಾಚಾರವು ಅಡಗಿಹೋಗುವುದನ್ನು ಅಮೆರಿಕೆಯ ಡೆಲಿಂಜರ್ ಮೊದಲಾದವರು ಗಮನಿಸಿದರು. 1939ರಲ್ಲಿ ಆಸ್ಟ್ರೇಲಿಯದ ತರುಣ ವಿಜ್ಞಾನಿ ಜಿಯೋವನೆಲ್ಲಿ ಎಂಬವನು ಇಂಥ ಎಣಿಕೆಗಳನ್ನೆಲ್ಲ ಒಟ್ಟುಗೂಡಿಸಿ ಲೆಕ್ಕಹಾಕಿದನು. ಜ್ವಾಲೆಯು ಹುಟ್ಟುವ ಸಂಭವವು ಕಲಾಸಮೂಹದ ವಿಸ್ತೀರ್ಣವನ್ನೂ, ಅದರ ಕಾಂತಜಾತಿಯನ್ನೂ, ಅದು ಬೆಳೆಯುತ್ತಿರುವ ವೇಗವನ್ನೂ ಅವಲಂಬಿಸಿರುತ್ತದೆಂದು ಅವನು ತೋರಿಸಿದನು. ವರ್ಣ, ಸ್ಥಾನ, ಆಕಾರಗಳ ಜಾಗದಲ್ಲಿ ವಿಸ್ತೀರ್ಣ, ಕಾಂತಜಾತಿ, ವೃದ್ಧಿಗಳು ನಿಂತವು. ಫಲವನ್ನು ಹೇಳುವ ವಾಕ್ಯವು ಆಗುತ್ತದೆಂಬುದನ್ನು ಬಿಟ್ಟು ಇಷ್ಟು ಸಂಭವವುಂಟೆಂಬ ರೂಪವನ್ನು ತಾಳಿತು.

ಜಟಿಲವಾದ ಕಲೆಯು ಜ್ವಾಲೆಯನ್ನು ಹೆರುವುದೇಕೆ? ಹಗ್ಗವನ್ನು ಹೊಸೆಯುವವನು ಎರಡು ಎಳೆಗಳನ್ನು ನುಲಿಯುತ್ತ ಹೋದರೆ ಅದರಲ್ಲಿ ಬಿಗಿತವು ತುಂಬುತ್ತದೆ, ಕೈ ಜಾರಿದರೆ ಹುರಿಯು ಬಿಚ್ಚಿಕೊಂಡು ಚಿಮ್ಮುತ್ತದೆ. ಸೂರ್ಯನ ಒಳಗಿನಿಂದ ತೇಲಿ ಮೇಲಕ್ಕೆ ಬರುವ ಕಾಂತರಜ್ಜುಗಳೂ ಹಾಗೆಯೇ. ಎರಡು ವಿರುದ್ಧ ಧ್ರುವಗಳು ದೂರವಾಗಿದ್ದು ಅವುಗಳನ್ನು ಕೂಡಿಸುವ ಬಲರೇಖೆಗಳು ಕಮಾನಿನಂತೆ ಸರಳವಾಗಿ ಬಾಗಿದ್ದರೆ ಅಲ್ಲಿ ಕೂಡಿಟ್ಟ ಶಕ್ತಿಯು ಅಲ್ಪ. ವಿರುದ್ಧ ಧ್ರುವಗಳು ಒತ್ತೊತ್ತಾಗಿ ಬಂದು ಒಂದನ್ನೊಂದು ಉಜ್ಜುತ್ತ ಸರಿದರೆ, ಅವುಗಳ ನಡುವಣ ಸಂಧಿರೇಖೆಯ ಉದ್ದಕ್ಕೂ ಬಲರೇಖೆಗಳು ಎಳೆದು ನುಲಿದು ಬಿಗಿಯುತ್ತವೆ. ಒಂದು ಮಿತಿಯನ್ನು ಮೀರಿದಾಗ ಅವು ಕಡಿದು ಬೇರೆ ರೀತಿಯಾಗಿ ಕೂಡಿಕೊಳ್ಳುತ್ತವೆ. ಬಿಗಿತದಲ್ಲಿದ್ದ ಶಕ್ತಿಯು ನಿಮಿಷಗಳಲ್ಲಿ ಬೆಳಕಾಗಿ, ಎಕ್ಸ್ ಕಿರಣಗಳಾಗಿ, ವೇಗದ ಕಣಗಳಾಗಿ ಹೊರಬೀಳುತ್ತದೆ. ಇಂಥ ಸಂಧಿಸ್ಥಾನಗಳ ವಿಚಾರವನ್ನು 1946ರಲ್ಲಿ ಜಿಯೋವನೆಲ್ಲಿಯೇ ಮುಂದಿಟ್ಟನು. 1950ರ ದಶಕದಲ್ಲಿ ಡಂಜೀ, ಸ್ವೀಟ್, ಪಾರ್ಕರ್ ಎಂಬವರು ಅದನ್ನು ಗಣಿತರೂಪಕ್ಕೆ ತಂದರು. ಅದೇ ಕಾಲದಲ್ಲಿ ಬ್ಯಾಬ್‌ಕಾಕ್ ತಂದೆಮಕ್ಕಳು ರಚಿಸಿದ ಕಾಂತಚಿತ್ರಕವು ಸೂರ್ಯನ ಕಾಂತಕ್ಷೇತ್ರದ ನಕ್ಷೆಗಳನ್ನು ಬರೆಯಲಾರಂಭಿಸಿತು. ಕ್ರಿಮಿಯಾದ ಸೆವರ್ನಿಯು ಜ್ವಾಲೆಗಳು ಸಂಧಿರೇಖೆಗಳ ಬಳಿಯಲ್ಲಿಯೇ ಹುಟ್ಟುತ್ತವೆಂದು ಕಂಡುಕೊಂಡನು.

1960ರಲ್ಲಿ ಜರ್ಮನಿಯ ಕುನ್ಸೆಲ್ ಎಂಬವನು ವಿಲ್ಸನ್ ಪರ್ವತದ ವಿಂಗಡಣೆಗೆ ಡೆಲ್ಟಾ ಎಂಬ ಇನ್ನೊಂದು ಲಕ್ಷಣವನ್ನು ಸೇರಿಸಿದನು. ದೊಡ್ಡ ಕಲೆಗೆ ನಡುವೆ ಗಾಢವಾದ ಪ್ರಚ್ಛಾಯೆಯೂ, ಸುತ್ತಲೂ ತಿಳಿಯಾದ ಉಪಚ್ಛಾಯೆಯೂ ಇರುವುದು ಸಾಮಾನ್ಯ. ಒಂದೇ ಉಪಚ್ಛಾಯೆಯೊಳಗೆ ವಿರುದ್ಧ ಧ್ರುವಗಳುಳ್ಳ ಎರಡು ಪ್ರಚ್ಛಾಯೆಗಳು, ಸೂರ್ಯಗೋಳದ ಎರಡು ಡಿಗ್ರಿಗಳಿಗಿಂತ ಕಡಿಮೆ ಅಂತರದಲ್ಲಿ, ಸಿಕ್ಕಿಕೊಂಡಿದ್ದರೆ ಅದೇ ಡೆಲ್ಟಾ. ಒಂದೇ ಮನೆಯಲ್ಲಿ ಪರಸ್ಪರ ಹಗೆಗಳಾದ ಇಬ್ಬರು ಗೋಡೆಯೂ ಇಲ್ಲದೆ ವಾಸಿಸುವಂತೆ ಇದರ ಸ್ಥಿತಿ. ಇಂಥ ಕಲೆಗಳು ಉಳಿದವುಗಳಿಗಿಂತ ಬಹಳ ಹೆಚ್ಚಾಗಿ ಜ್ವಾಲೆಗಳನ್ನು ಕಾರುತ್ತವೆಂದು ಕುನ್ಸೆಲನು ತೋರಿಸಿದನು. ಬೀಟಾಗ್ಯಾಮಾಡೆಲ್ಟಾ ಎಂಬ ಉದ್ದನೆಯ ಹೆಸರು ಅಂದಿನಿಂದ ಜ್ವಾಲೆಗಳ ಸೂಚನೆಯನ್ನು ಕೊಡುವವರಿಗೆ ಎಚ್ಚರಿಕೆಯ ಮಾತಾಯಿತು.

ಈ ಎಚ್ಚರಿಕೆಯು ಪಂಡಿತರಿಗೆ ಮಾತ್ರ ಬೇಕಾದುದಲ್ಲವೆಂಬುದನ್ನು ಮುಂದಿನ ಘಟನೆಗಳು ತಿಳಿಸಿದವು. 1972ನೆಯ ಆಗಸ್ಟಿನ ಮೊದಲ ವಾರದಲ್ಲಿ ಡೆಲ್ಟಾ ಕಲೆಯೊಂದು ಸರಣಿಯಾಗಿ ಜ್ವಾಲೆಗಳನ್ನು ಕಾರಿತು. 4ನೆಯ ತಾರೀಖಿನಂದು ಹೊರಟ ಮೇಘವು 15 ಗಂಟೆಗಳೊಳಗೇ ಭೂಮಿಯನ್ನು ಮುಟ್ಟಿತು. ಯುದ್ಧದ ನಡುವೆ ವಿಯಟ್ನಾಮಿನ ಕಡಲಲ್ಲಿ ಅಮೆರಿಕನರು ಹೂಳಿದ್ದ, ಕಾಂತಬಲದ ಬದಲಾವಣೆಯಿಂದ ಸಿಡಿಯತಕ್ಕ ಸಿಡಿಗುಂಡುಗಳಲ್ಲಿ ಹತ್ತಾರು, ಯಾವ ಹಡಗೂ ಬಳಿಗೆ ಬಾರದೆ ತಾವಾಗಿಯೇ ಸಿಡಿದವು. ಅದೇ ವರ್ಷ ಏಪ್ರಿಲಿನಲ್ಲಿ ಅಪೋಲೋ 16 ಚಂದ್ರನಿಂದ ಹಿಂದಿರುಗಿತ್ತು, ಡಿಸೆಂಬರಿನಲ್ಲಿ ಅಪೋಲೋ 17 ಹೊರಡಲಿಕ್ಕಿತ್ತು. ಆ ನಡುವಣ ವಾರದಲ್ಲಿ ಮನುಷ್ಯರು ಚಂದ್ರನ ನೆಲದ ಮೇಲಿದ್ದಿದ್ದರೆ ಆ ಕಣವರ್ಷದಿಂದ ಅವರಿಗೆ ಘೋರವಾದ ಅಪಾಯವಾಗುತ್ತಿತ್ತು. 1989ನೆಯ ಮಾರ್ಚಿನಲ್ಲಿ ಇನ್ನೊಂದು ಜಟಿಲಕಲಂಕವು ಮುಖತೋರಿತು. 13ನೆಯ ತಾರೀಖಿನ ಮುಂಜಾವದಲ್ಲಿ ಕೆನಡದ ಕ್ವಿಬೆಕ್ ಪ್ರಾಂತದ ವಿದ್ಯುಜ್ಜಾಲವು ಒಂದೂವರೆ ನಿಮಿಷದಲ್ಲಿ ಕುಸಿದುಬಿದ್ದು, 60 ಲಕ್ಷ ಜನರು ಚಳಿಯಲ್ಲಿ ಸುಮಾರು ಒಂಬತ್ತು ಗಂಟೆಗಳ ಕಾಲ ದೀಪವಿಲ್ಲದೆ ಕಳೆದರು. 2003ನೆಯ ಅಕ್ಟೋಬರ್ 30ರಂದು ಸ್ವೀಡನ್ನಿನ ಮಾಲ್ಮೋ ನಗರವು ಸುಮಾರು ಒಂದು ಗಂಟೆ ಕತ್ತಲಾಯಿತು. ಆ ಪ್ರಕ್ಷೋಭಗಳಿಗೆ ಮೂಲವಾದ ಕಲಾಸಮೂಹವು ನವೆಂಬರ್ 4ರಂದು ಕಾರಿದ ಜ್ವಾಲೆಯಲ್ಲಿ ಉಪಗ್ರಹದ ಮಾಪಕವು ತನ್ನ ಮೇರೆಯನ್ನು ಮುಟ್ಟಿ ಅಳೆಯಲಾರದೆ ಹೋಯಿತು.

ಜ್ವಾಲೆಗಳನ್ನು ಎಕ್ಸ್ ಕಿರಣಗಳ ಬಲದಿಂದ ಎ, ಬಿ, ಸಿ, ಎಂ, ಎಕ್ಸ್ ಎಂಬ ಐದು ಶ್ರೇಣಿಗಳಾಗಿ ವಿಂಗಡಿಸುತ್ತಾರೆ. ಪ್ರತಿಯೊಂದು ಶ್ರೇಣಿಯೂ ಹಿಂದಿನದಕ್ಕಿಂತ ಹತ್ತುಪಟ್ಟು ಬಲವಾದುದು. ಸ್ಯಾಮಿಸ್, ಟ್ಯಾಂಗ್, ಜಿರಿನ್ ಎಂಬ ಮೂವರು ಸುಮಾರು ಎಂಟು ವರ್ಷಗಳ ಕಲಾಸಮೂಹಗಳ ದಾಖಲೆಗಳನ್ನು ಪರಿಶೀಲಿಸಿ 2000ನೆಯ ಇಸವಿಯಲ್ಲಿ ಒಂದು ಫಲಿತಾಂಶವನ್ನು ಪ್ರಕಟಿಸಿದರು. ಸೂರ್ಯನ ಕಾಣುವ ಅರ್ಧಗೋಳವನ್ನು ಹತ್ತು ಲಕ್ಷ ಪಾಲುಮಾಡಿ ಅದರಲ್ಲಿ 1,000 ಪಾಲುಗಳಿಗಿಂತ ಹೆಚ್ಚು ವಿಸ್ತಾರವುಳ್ಳ ಬೀಟಾಗ್ಯಾಮಾಡೆಲ್ಟಾ ಸಮೂಹಗಳಲ್ಲಿ ಪ್ರತಿಯೊಂದಕ್ಕೂ ಎಕ್ಸ್ ಶ್ರೇಣಿಯ ಜ್ವಾಲೆಯನ್ನು ಹೊಮ್ಮಿಸುವ ಸಂಭವವು ಸುಮಾರು ನೂರಕ್ಕೆ 40. ಅಷ್ಟೇ ದೊಡ್ಡದಾಗಿದ್ದೂ ಸರಳವಾದ ಸಮೂಹಗಳಿಗೆ, ಅಥವಾ ಜಟಿಲವಾಗಿದ್ದೂ ಸಣ್ಣವಾದವುಗಳಿಗೆ, ಆ ಸಂಭವವು ಬಹಳ ಕಡಿಮೆ.

ಈ ಸಂಖ್ಯೆಯನ್ನು ಎರಡು ಮಗ್ಗುಲಿನಿಂದಲೂ ನೋಡಬೇಕು. ನೂರಕ್ಕೆ 40 ಎಂದರೆ ಉಳಿದ 60 ಸಮೂಹಗಳು, ಅಷ್ಟು ಭಯಂಕರವಾಗಿ ತೋರಿಯೂ, ಎಕ್ಸ್ ಜ್ವಾಲೆಯನ್ನು ಕಾರದೆ ಮರೆಯಾಗುತ್ತವೆ. ತರ್ಕಶಾಸ್ತ್ರವನ್ನು ಓದಿದವರಿಗೆ ಪರ್ವತದ ಧೂಮವು ನೆನಪಾಗದಿರದು. ಧೂಮವಿದ್ದಲ್ಲೆಲ್ಲ ಅಗ್ನಿಯುಂಟು, ಆದರೆ ಅಗ್ನಿಯಿದ್ದಲ್ಲೆಲ್ಲ ಧೂಮವಿಲ್ಲ. ಕಾದು ಕೆಂಪಾದ ಕಬ್ಬಿಣದ ಗುಂಡಿನಲ್ಲಿ ಅಗ್ನಿಯಿದ್ದೂ ಹೊಗೆಯಿರುವುದಿಲ್ಲ, ಹೊಗೆಗೆ ಹಸಿಸೌದೆಯ ಸಂಯೋಗವೆಂಬ ಉಪಾಧಿಯು ಬೇಕು. ಹಾಗೆಯೇ ಬಲವಾದ ಜ್ವಾಲೆಯನ್ನು ಕಂಡಾಗ ಅದರ ಬುಡದಲ್ಲಿ ಜಟಿಲವಾದ ಕಲಂಕವಿರಬೇಕೆಂದು ಅನುಮಾನಮಾಡಿದರೆ ಪ್ರಾಯಶಃ ತಪ್ಪಾಗುವುದಿಲ್ಲ. ಜಟಿಲವಾದ ಕಲಂಕವನ್ನು ಕಂಡ ಮಾತ್ರಕ್ಕೆ ಜ್ವಾಲೆಯು ಬಂದೇ ತೀರುತ್ತದೆಂದರೆ ಹೇತುವು ವ್ಯಭಿಚರಿಸುತ್ತದೆ. ಈ ಎರಡನೆಯ ವಾಕ್ಯಕ್ಕೆ ಉಪಾಧಿಯಾವುದೆಂಬುದನ್ನು ಹುಡುಕುವುದೇ ಸೌರವಿಜ್ಞಾನದ ಇಂದಿನ ಮುಖ್ಯ ಕಾರ್ಯಗಳಲ್ಲೊಂದು. ಒಳಗಿನಿಂದ ಹೊಸ ಕಾಂತಬಲವು ಏಳುತ್ತಿದೆಯೆ, ಸಂಧಿರೇಖೆಯ ಉದ್ದವೆಷ್ಟು, ನುಲಿತವೆಷ್ಟು, ಮೇಲಣ ಕಮಾನುಗಳು ಎಷ್ಟು ಬಿಗಿಯಾಗಿ ಅಮುಕಿ ಹಿಡಿದಿವೆ ಎಂಬ ಪ್ರಶ್ನೆಗಳು ಇದಕ್ಕಾಗಿಯೇ ಎದ್ದವು.

ಇದಕ್ಕೆ ಎರಡು ನಿದರ್ಶನಗಳು ಸಾಕು. 2014ನೆಯ ಅಕ್ಟೋಬರಿನಲ್ಲಿ ತೋರಿದ, 12192ನೆಯದೆಂದು ಗಣನೆಗೆ ಬಂದ ಸಮೂಹವು 1990ರ ತರುವಾಯ ಕಂಡವುಗಳಲ್ಲೆಲ್ಲ ದೊಡ್ಡದು. ಅದು ಡೆಲ್ಟಾಲಕ್ಷಣವನ್ನು ಪಡೆದಿದ್ದು, ಆರು ಎಕ್ಸ್ ಜ್ವಾಲೆಗಳನ್ನೂ ಕಾರಿತು. ಆದರೆ ಆ ಆರರಲ್ಲಿ ಒಂದರೊಡನೆಯೂ ಕಾಂತಮೇಘವು ಹೊರಬೀಳಲಿಲ್ಲ. ಮೇಲಣ ಬಲವಾದ ಕಮಾನುಗಳು ಅದನ್ನು ಮುಚ್ಚಳದಂತೆ ಅಮುಕಿದ್ದವು. ಭೂಮಿಗೆ ಹೆಚ್ಚಿನ ಕ್ಷೋಭೆಯು ತಟ್ಟಲಿಲ್ಲ. 2017ನೆಯ ಸೆಪ್ಟೆಂಬರಿನ 12673ನೆಯ ಸಮೂಹದ ಕಥೆಯು ಇದಕ್ಕೆ ವಿಪರೀತ. 2ನೆಯ ತಾರೀಖಿನ ವರೆಗೂ ಅದು ಒಂದೇ ಧ್ರುವದ ಸಾಧುವಾದ ಕಲೆಯಾಗಿತ್ತು. ನೋಡಿದವರಾರೂ ಅದಕ್ಕೆ ಅಂಜುತ್ತಿರಲಿಲ್ಲ. 3ನೆಯ ತಾರೀಖಿನಿಂದ ಅದರ ಪಕ್ಕದಲ್ಲಿ ಹೊಸ ಕಾಂತಬಲವು ಮಹಾವೇಗದಿಂದ ಎದ್ದುಬಂದು, ಎರಡೇ ದಿನಗಳಲ್ಲಿ ಅದು ಡೆಲ್ಟಾ ಆಯಿತು. 6ರಂದು ಆ ಸೌರಚಕ್ರದ ಅತ್ಯಂತ ಬಲವಾದ ಜ್ವಾಲೆಯನ್ನು ಕಾರಿತು. ಹೀಗೆ ಭಯಂಕರವಾದುದು ತಟಸ್ಥವಾಗಿಯೂ, ಸಾಧುವಾದುದು ಎರಡು ದಿನಗಳಲ್ಲಿ ಉಗ್ರವಾಗಿಯೂ ಪರಿಣಮಿಸುವುದರಿಂದ, ನಿನ್ನೆಯ ಜಾತಿಯನ್ನು ನಂಬಿ ನಾಳೆಯ ಫಲವನ್ನು ಹೇಳಲಾಗದು.

ಆದಕಾರಣ ಅಮೆರಿಕೆಯ ಬೌಲ್ಡರ್ ಮೊದಲಾದ ಕಡೆಗಳಲ್ಲಿರುವ ಸೂಚನಾಲಯಗಳು ಪ್ರತಿದಿನವೂ ಕಲೆಗಳ ಕಾಂತಜಾತಿಯನ್ನು ಹೊಸದಾಗಿ ನಿರ್ಣಯಿಸಿ, ಎಂ ಶ್ರೇಣಿಗೆ ನೂರಕ್ಕೆ ಇಷ್ಟು, ಎಕ್ಸ್ ಶ್ರೇಣಿಗೆ ಇಷ್ಟು ಎಂದು ಸಂಭವವನ್ನು ಪ್ರಕಟಿಸುತ್ತವೆ. ಜ್ವಾಲೆಯ ಬೆಳಕು ಭೂಮಿಗೆ ಬರಲು ಸುಮಾರು ಎಂಟು ನಿಮಿಷಗಳು ಸಾಕು. ಅದನ್ನು ಕಂಡಾಗಲೇ ಅದು ತಟ್ಟಿಯಾಗಿರುತ್ತದೆ. ಆದುದರಿಂದ ಜ್ವಾಲೆಯ ವಿಷಯದಲ್ಲಿ ಮುಂಚಿತವಾಗಿ ಎಚ್ಚರಿಸುವುದಕ್ಕೆ ಕಲೆಯ ಕಾಂತರಚನೆಯನ್ನು ಓದುವುದಲ್ಲದೆ ಬೇರೆ ಸಾಧನವಿಲ್ಲ. ಕಾಂತಮೇಘಕ್ಕಾದರೆ ಸುಮಾರು 15 ಗಂಟೆಗಳಿಂದ ಮೂರು ನಾಲ್ಕು ದಿನಗಳ ಅವಕಾಶವುಂಟು. ಎಚ್ಚರಿಕೆಯನ್ನು ಕೊಡುವುದರಲ್ಲಿ ಎರಡು ಬಗೆಯ ನಷ್ಟಗಳಿವೆ. ಬಾರದ ಪ್ರಕ್ಷೋಭಕ್ಕಾಗಿ ವಿದ್ಯುಜ್ಜಾಲವನ್ನು ತಗ್ಗಿಸಿ ವಿಮಾನಗಳ ದಾರಿಯನ್ನು ಬದಲಿಸಿದರೆ ಹಣವು ವ್ಯರ್ಥವಾಗುತ್ತದೆ, ಹಲವು ಸಲ ಹೀಗಾದರೆ ನಂಬಿಕೆಯೂ ಕುಗ್ಗುತ್ತದೆ. ಬರುವ ಪ್ರಕ್ಷೋಭವನ್ನು ತಿಳಿಸದೆ ಹೋದರೆ ಕ್ವಿಬೆಕಿನ ಗತಿ. ಇವೆರಡರ ನಡುವೆ ತೂಗುವವರಿಗೆ ನಿಶ್ಚಯವಾದ ಸುಳ್ಳಿಗಿಂತ ಪ್ರಾಮಾಣಿಕವಾದ ಸಂಭವಸಂಖ್ಯೆಯೇ ಉಪಕಾರಕ.

2024ನೆಯ ಮೇ ತಿಂಗಳಿನಲ್ಲಿ 13664ನೆಯ ಸಮೂಹವು ಭೂಮಿಗೆ ಎದುರಾಗಿ, ಒಂದರ ಹಿಂದೊಂದಾಗಿ ಜ್ವಾಲೆಗಳನ್ನೂ ಮೇಘಗಳನ್ನೂ ಕಳುಹಿಸಿತು. ಅದೂ ಬೀಟಾಗ್ಯಾಮಾಡೆಲ್ಟಾ ಜಾತಿಯದೇ. 10 ಮತ್ತು 11ನೆಯ ತಾರೀಖುಗಳಲ್ಲಿ ಭೂಮಿಗೆ ಬಡಿದ ಪ್ರಕ್ಷೋಭವು ಐದು ಮೆಟ್ಟಿಲುಗಳ ಮಾಪನದಲ್ಲಿ ಐದನೆಯದನ್ನು ಮುಟ್ಟಿತು. 2003ರ ತರುವಾಯ ಅದೇ ಮೊದಲು. ಲಡಾಖಿನ ಹಾನ್ಲೆಯಲ್ಲಿ, ಮೇಲೆ ಹೇಳಿದ ಬೆಂಗಳೂರಿನ ಸಂಸ್ಥೆಯ ವೇಧಶಾಲೆಯ ಮೇಲಣ ಆಕಾಶವು ರಾತ್ರಿಯಲ್ಲಿ ಕೆಂಪಾಗಿ ಬೆಳಗಿತು. ಅದಕ್ಕೆ ಮುಂಚೆಯೇ, 2023ನೆಯ ಸೆಪ್ಟೆಂಬರ್ 2ರಂದು ಶ್ರೀಹರಿಕೋಟೆಯಿಂದ ಹೊರಟ ಆದಿತ್ಯ ಎಲ್1 ಎಂಬ ಭಾರತದ ನೌಕೆಯು, 2024ನೆಯ ಜನವರಿ 6ರಂದು ಭೂಮಿಯಿಂದ 15 ಲಕ್ಷ ಕಿಲೋಮೀಟರ್ ದೂರದ ತನ್ನ ನೆಲೆಯನ್ನು ಸೇರಿತ್ತು. ಸೂರ್ಯನ ಪ್ರಭಾಮಂಡಲವನ್ನು ನೋಡುವ ಅದರ ಮುಖ್ಯಯಂತ್ರವು ಬೆಂಗಳೂರಿನ ಅದೇ ಸಂಸ್ಥೆಯಲ್ಲಿ ಸಿದ್ಧವಾದುದು. ಜ್ವಾಲೆಗಳ ಎಕ್ಸ್ ಕಿರಣಗಳನ್ನು ಅಳೆಯುವ ಯಂತ್ರಗಳೂ ಬೆಂಗಳೂರಿನಲ್ಲಿಯೇ ರೂಪುಗೊಂಡವು. 1859ರಲ್ಲಿ ಕೊಲಾಬಾದ ಲೆಕ್ಕದ ಪುಸ್ತಕವು ಪ್ರಕ್ಷೋಭವು ತಟ್ಟಿದ ಮೇಲೆ ಅದರ ಅಳತೆಯನ್ನು ಬರೆದಿಟ್ಟಿತು. ಆದಿತ್ಯನು ಅದರ ಉಗಮವನ್ನೇ ಕಾಯುತ್ತಾನೆ.

ತಾಮಸಕೀಲಕಗಳಲ್ಲಿ ಆಧುನಿಕ ವಿಜ್ಞಾನವೆಲ್ಲವೂ ಅಡಗಿತ್ತೆಂದು ಹೇಳುವವರುಂಟು. ಅದು ವರಾಹಮಿಹಿರನಿಗೆ ಗೌರವವನ್ನು ತರತಕ್ಕ ಮಾತಲ್ಲ. ಅವನು ಕಂಡುದನ್ನು ಬರೆದನು, ಕಲೆಯ ರೂಪಕ್ಕೂ ಫಲಕ್ಕೂ ಸಂಬಂಧವಿರಬೇಕೆಂದು ಊಹಿಸಿದನು. ಊಹೆಯು ಸಿದ್ಧಾಂತವಾಗುವುದಕ್ಕೆ ಎಣಿಸಬೇಕು, ಎಣಿಸಿದುದನ್ನು ತಪ್ಪಿದ ನಿದರ್ಶನಗಳೊಡನೆಯೂ ಬರೆದಿಡಬೇಕು. ಶ್ವಾಬೆಯು ಗ್ರಹವನ್ನು ಕಾಣದೆಯೂ 17 ವರ್ಷಗಳ ಕಾಲ ಎಣಿಸಿದನು. ಷೈನರನು ತನ್ನ ಮತವನ್ನು ತಿದ್ದಿಕೊಂಡನು. ಕೆಲ್ವಿನ್ನನ ಕೀರ್ತಿಯು ಕಾಂತಮಾಪಕದ ಗೆರೆಯನ್ನು ಅಳಿಸಲಾರದೆ ಹೋಯಿತು. ನೂರಕ್ಕೆ 40 ಎಂಬ ಸಂಖ್ಯೆಯಲ್ಲಿ ತಪ್ಪಿದ 60 ನಿದರ್ಶನಗಳೂ ಸೇರಿವೆ. ಅವುಗಳನ್ನು ಮರೆಮಾಡದೆ ಹೇಳಿದ್ದರಿಂದಲೇ ಆ ಸಂಖ್ಯೆಯು ನಂಬಿಕೆಗೆ ಅರ್ಹವಾಗಿದೆ.